ಮುಪ್ಪು ಅಂತ ಬರೆದ ಕಾಯಿಲೆ

ನಮ್ಮ ಡಿಸ್ಪೆನ್ಸರಿಯ ರಿಜಿಸ್ಟರಿನಲ್ಲಿ ಹೆಸರು, ಊರು, ವಯಸ್ಸು ಬರೆದ ಮೇಲೆ ಪಕ್ಕದ ಅಂಕಣ ಕಾಯಿಲೆಯದು. ಅರವತ್ತು ದಾಟಿದವರು ಯಾರೇ ಬಂದು ಸುಸ್ತು ಅನ್ನಲಿ, ಕಾಲು ಜೋಮು ಅನ್ನಲಿ, ಮರೆವು ಅನ್ನಲಿ, ನಾನು ಅಲ್ಲಿ ಒಂದೇ ಮಾತು ಬರೆಯುತ್ತಿದ್ದೆ: ಮುಪ್ಪು. ಬರೆದಾದ ಮೇಲೆ ಕಬ್ಬಿಣದ ಟಾನಿಕ್ಕಿಗೆ ಒಂದಿಷ್ಟು ಓಮದ ನೀರು ಬೆರೆಸಿ, ಬಾಟಲಿಗೆ ಅಳತೆಯ ಚೀಟಿ ಅಂಟಿಸಿ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಅವರೂ ಕೈಮುಗಿದು ಹೋಗುತ್ತಿದ್ದರು. ಮುಪ್ಪಿಗೆ ಮದ್ದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಟಲಿ ಸುಮ್ಮನೆ ಒಂದು ಮರ್ಯಾದೆಗೆ.

ಇದು ಕನ್ನಡ ನಾಡೆಲ್ಲ ಸೇರಿ ಒಂದು ರಾಜ್ಯವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಉಡಿಗಾಲದವನು. ಗುಂಡ್ಲುಪೇಟೆ ಸೀಮೆಯ ಒಂದು ಸಣ್ಣ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರಾಗಿ ಆಗ ಮೂರು ವರ್ಷವಾಗಿತ್ತು. ಬೆಳಿಗ್ಗೆ ಎದ್ದರೆ ಗೋಪಾಲಸ್ವಾಮಿ ಬೆಟ್ಟದ ಮಂಜು ಬಾಗಿಲವರೆಗೂ ಬಂದಿರುತ್ತಿತ್ತು. ಮಲಬಾರಿನ ಕಾಕಾ ಒಬ್ಬನ ಹೋಟೆಲಿನಲ್ಲಿ ಹಾಲಿಲ್ಲದ ಕಟ್ಟಂಚಾಯ ಕುಡಿದು ಬಂದು, ಸ್ಪಿರಿಟ್ ಒಲೆ ಹಚ್ಚಿ ಸಿರಿಂಜು ಕುದಿಯಲು ಇಡುವುದು ದಿನದ ಮೊದಲ ಕೆಲಸ. ಸೂಜಿಗಳು ಈಗಿನ ಹಾಗೆ ಚುಚ್ಚಿ ಬಿಸಾಡುವಂಥವಲ್ಲ. ಮೊಂಡಾದರೆ ಸಾಣೆಕಲ್ಲಿಗೆ ಉಜ್ಜಿ ಮತ್ತೆ ಚೂಪು ಮಾಡಬೇಕು. ಆ ಸ್ಪಿರಿಟ್ಟಿನ ವಾಸನೆ ಈಗಲೂ ಎಲ್ಲಾದರೂ ಬಂದರೆ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ.

ಹಳೆಯ ಡಾಕ್ಟರಿಗೆ ವರ್ಗವಾಗಿ ಮೈಸೂರಿನಿಂದ ಹೊಸಬರು ಬಂದರು. ಎಳೆ ವಯಸ್ಸು, ಮಾತು ಕಮ್ಮಿ. ಬಂದ ಎರಡನೆಯ ವಾರ ರಿಜಿಸ್ಟರು ತಿರುವಿಹಾಕಿ, “ಏನ್ರೀ ಇದು, ಇಷ್ಟೊಂದು ಜನಕ್ಕೆ ಒಂದೇ ಕಾಯಿಲೆ?” ಎಂದರು.

“ವಯಸ್ಸಾದವರು ಸಾರ್.”

“ವಯಸ್ಸು ಪಕ್ಕದಲ್ಲೇ ಬರೆದಿದ್ದೀರಲ್ಲ. ಅದನ್ನೇ ಎರಡು ಸಲ ಯಾಕೆ ಬರೀತೀರಿ?”

ನನಗೆ ಮೂಗಿನ ತುದಿಯಲ್ಲಿ ಕೋಪ. ಮೀಸೆ ನೆಟ್ಟಗೆ ಬಂದಿಲ್ಲ, ಇವರು ನನಗೆ ಬರೆಯುವುದು ಕಲಿಸುತ್ತಾರಾ ಅಂದುಕೊಂಡು ದಡದಡ ಬಾಟಲಿ ತೊಳೆದೆ. ಅವರು ಅದನ್ನು ಗಮನಿಸಲೇ ಇಲ್ಲ.

ಅದೇ ತಿಂಗಳು ಭೀಮನಬೀಡಿನಿಂದ ಕಮಾನು ಕಟ್ಟಿದ ಗಾಡಿಯೊಂದು ಬಂತು. ಅನುಕೂಲಸ್ಥ ಶಿವಭಕ್ತರ ಮನೆ. ಗಾಡಿಯಿಂದ ಇಳಿದ ಅಜ್ಜಿಗೆ ಅರವತ್ತೈದರ ಆಸುಪಾಸು. ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ ಹಿಡಿದುಕೊಂಡಿದ್ದರು. ಅಂಗಾಲು ಊರುವಾಗ ನೆಲ ಇದೆಯೋ ಇಲ್ಲವೋ ಎಂದು ಹುಡುಕಿದಂತೆ ಕಾಲಿಡುತ್ತಿದ್ದರು.

ಮಗ ಹೇಳಿದ: “ಮದ್ದಿಗೆ ಅಂತ ಏನೂ ಅಲ್ಲ ಸ್ವಾಮಿ. ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಅದಾಗದೆ. ಬೆಳಗ್ಗಿಂದ ಮೂರು ಕಿತ ಲಿಂಗಪೂಜೆ ಮಾಡವ್ರೆ, ಮಾಡಿದ್ದೇ ಗ್ಯಾನ ಇಲ್ಲ. ನನ್ನ ನಮ್ಮಪ್ಪನ ಎಸ್ರಿಡ್ದು ಕರೀತಾರೆ. ಊರು ಓಗು ಅಂತದೆ, ಕಾಡು ಬಾ ಅಂತದೆ. ಕಾಲು ಉರಿ ಅಂತ ಗೋಳಾಡ್ತಾರೆ, ಅದ್ಕೊಂದು ಎಣ್ಣೆ ಗಿಣ್ಣೆ ಕೊಟ್ಬುಡಿ, ಸಾಕು.”

ನನ್ನ ಕೈ ಆಗಲೇ ಲೇಖನಿಗೆ ಹೋಗಿತ್ತು. ಡಾಕ್ಟರು “ಇರಿ” ಎಂದರು. ಅಜ್ಜಿಯ ಎದುರು ಮಣೆ ಹಾಕಿಕೊಂಡು ಕೂತು, ನಾಲಿಗೆ ಚಾಚಿಸಿ ನೋಡಿದರು. ನಾಲಿಗೆಯ ಮೇಲೆ ಒರಟೇ ಇರಲಿಲ್ಲ. ಸಿಪ್ಪೆ ಸುಲಿದ ಹಾಗೆ ಕೆಂಪಗೆ, ನುಣ್ಣಗೆ ಇತ್ತು. ಆಮೇಲೆ ಪೆಟ್ಟಿಗೆಯಿಂದ ಕವಲೊಡೆದ ಉಕ್ಕಿನ ಚಿಮಟದಂಥದ್ದನ್ನು ತೆಗೆದು, ಮೊಣಕಾಲಿಗೆ ಬಡಿದು, ಅದು ಝೇಂ ಅನ್ನುತ್ತಿರುವಾಗಲೇ ಅಜ್ಜಿಯ ಕಾಲಿನ ಗಂಟಿಗೆ ಒತ್ತಿ ಹಿಡಿದರು.

“ಏನಾದರೂ ಗೊತ್ತಾಗುತ್ತಾ ಅಮ್ಮ?”

“ತಣ್ಗದೆ.”

“ನಡುಗೋದು?”

“ಏನೂ ನಡುಗಕಿಲ್ಲ.”

ನನ್ನ ಕಾಲಿಗೆ ಇಟ್ಟರು. ಮೂಳೆಯೊಳಗೆ ಜುಮ್ಮೆಂದು ಹತ್ತಿಕೊಂಡಿತು. ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂದರು. ಮುಚ್ಚಿದ್ದೇ ತಡ ಅಜ್ಜಿ ಓಲಾಡಿ ಸೊಸೆಯ ಮೇಲೆ ಬಿದ್ದರು. “ಅರಳೆ ಮ್ಯಾಲೆ ನಿಂತಂಗದೆ ಕಣಪ್ಪ,” ಎಂದು ನಾಚಿಕೊಂಡು ನಕ್ಕರು.

“ಊಟ ಏನು ಮಾಡ್ತಾರೆ?” ಡಾಕ್ಟರು ಸೊಸೆಯನ್ನು ಕೇಳಿದರು.

“ಮುದ್ದೆ, ಸೊಪ್ಪುಸಾರು. ಅದೂ ಒಂದೊತ್ತು. ಆಲು, ಮೊಸ್ರು, ಮಜ್ಜಿಗೆ ಯಾವ್ದೂ ಮುಟ್ಟಕಿಲ್ಲ. ನಮ್ಮಾವ ಲಿಂಗೈಕ್ಯ ಆದ್ಮ್ಯಾಕೆ ಬುಟ್ಬುಟ್ರು. ಎಂಟೊಂಬತ್ತು ವರ್ಸ ಆಯ್ತು. ನಮ್ಮಟ್ಟೀಲಿ ಅಂಗೇಯ, ಗಂಡ ಓದ ಹಿರೀಕಳು ಆಲು ಬುಡದು.”

ಡಾಕ್ಟರು ನನ್ನ ಕಡೆ ತಿರುಗಿ, “ಇದು ವಯಸ್ಸಲ್ಲ ಕಣ್ರೀ, ರಕ್ತದ ಕಾಯಿಲೆ ಇರಬೇಕು,” ಎಂದರು. ಕಾಯಿಲೆಯ ಅಂಕಣ ಅವತ್ತು ಖಾಲಿ ಉಳಿಯಿತು.

ಅನುಮಾನ ತೀರಬೇಕಾದರೆ ರಕ್ತ ನೋಡಬೇಕು. ನಮ್ಮಲ್ಲಿ ಇದ್ದದ್ದು ಬಣ್ಣದ ಪಟ್ಟಿ ಹಚ್ಚಿದ ಒಂದು ಒತ್ತುಕಾಗದದ ಪುಸ್ತಕ ಮಾತ್ರ. ಅದರ ಮೇಲೆ ರಕ್ತದ ಹನಿ ಬಿಟ್ಟು ಬಣ್ಣಕ್ಕೆ ಬಣ್ಣ ಹೋಲಿಸಬೇಕು. ಅಜ್ಜಿಯ ರಕ್ತ ಪಟ್ಟಿಯ ಕೊನೆಯ ಮಾಸಲು ಬಣ್ಣಕ್ಕೆ ಹೊಂದಿತು. ಸೂಕ್ಷ್ಮದರ್ಶಕ ಇದ್ದದ್ದು ಚಾಮರಾಜನಗರದಲ್ಲಿ. ನಾನು ಎರಡು ಗಾಜಿನ ಪಟ್ಟಿಗಳ ಮೇಲೆ ರಕ್ತ ಸವರಿ ಕಿಟಕಿಯಲ್ಲಿ ಒಣಗಲು ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ನೊಣಗಳು ನೆಕ್ಕಿ ಎರಡೂ ಗಾಜನ್ನು ಕನ್ನಡಿ ಮಾಡಿಟ್ಟಿದ್ದವು. ಗಾಡಿ ಹೊರಟುಹೋಗಿತ್ತು. ಡಾಕ್ಟರಿಗೆ ಹೇಳುವ ಧೈರ್ಯ ಬರಲಿಲ್ಲ. ಮಾರನೆಯ ದಿನ ನಸುಕಿಗೇ ಸೈಕಲ್ಲು ತುಳಿದು ಭೀಮನಬೀಡಿಗೆ ಹೋಗಿ ಮತ್ತೆ ಬೆರಳು ಚುಚ್ಚಿದೆ. ಅಜ್ಜಿ ಕೈಯನ್ನು ನೋಡಿಕೊಂಡು, “ನಿನ್ನೇನೂ ಯಾರೋ ಪುಣ್ಯಾತ್ಮ ಚುಚ್ಚಿದ್ದ,” ಎಂದರು. ಆ ಪುಣ್ಯಾತ್ಮ ನಾನೇ ಅಂತ ಹೇಳಲಿಲ್ಲ.

ಈ ಸಲ ಗಾಜು ಒಣಗುವವರೆಗೂ ಬೀಸಣಿಗೆ ಹಿಡಿದು ಕೂತೆ. ಕಾಗದ ಸುತ್ತಿ ಜೇಬಿನಲ್ಲಿಟ್ಟುಕೊಂಡು ತೆರಕಣಾಂಬಿ ಮೇಲಿನ ಬಸ್ಸಿಗೆ ಚಾಮರಾಜನಗರಕ್ಕೆ ಹೋದೆ. ಅಲ್ಲಿ ರಕ್ತ ನೋಡುವುದರಲ್ಲಿ ಪಳಗಿದ ಹಿರಿಯ ಡಾಕ್ಟರೊಬ್ಬರಿದ್ದರು. ಗಾಜಿಗೆ ಬಣ್ಣ ಹಾಕಿ, ತೊಳೆದು, ಬಹಳ ಹೊತ್ತು ನೋಡಿ, ನನ್ನನ್ನೂ ಕರೆದು ತೋರಿಸಿದರು. ಇರಬೇಕಾದಷ್ಟು ಕಣಗಳಿರಲಿಲ್ಲ, ಇದ್ದವು ಊದಿಕೊಂಡು ದೊಡ್ಡದಾಗಿದ್ದವು.

“ನಿಮ್ಮ ಡಾಕ್ಟರು ಸರಿಯಾಗಿ ಹಿಡಿದಿದ್ದಾರೆ. ಲಿವರ್ ಸೂಜಿ ಶುರು ಮಾಡಿ. ತಡ ಮಾಡಿದರೆ ಕಾಲು ಹೋಗುತ್ತೆ, ಬುದ್ಧಿಯೂ ಹೋಗುತ್ತೆ,” ಎಂದರು.

ಲಿವರ್ ಸೂಜಿ ನಮ್ಮ ಕಪಾಟಿನಲ್ಲೇ ಇತ್ತು. ಕಂದು ಬಣ್ಣದ ಔಷಧ. ಕುರಿ ದನಗಳ ಲಿವರು, ನಮ್ಮ ಕಡೆ ಈಲಿ ಅನ್ನುತ್ತಾರಲ್ಲ, ಅದರಿಂದ ತೆಗೆದ ಸಾರ. ಬೇರೆಯವರಿಗೆ ಎಷ್ಟೋ ಸಲ ನಾನೇ ಚುಚ್ಚಿದ್ದೆ. ಆದರೆ ನಾನೂ ಲಿಂಗ ಕಟ್ಟಿದವನು. ಮೂರು ಹೊತ್ತು ಲಿಂಗಪೂಜೆ ಮಾಡುವ ಆ ಮುದುಕಿಯ ಮೈಯೊಳಗೆ ಇದನ್ನು ಹೇಗೆ ಬಿಡುವುದು ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ.

ಆಗ ನನ್ನ ತಲೆ ಓಡಿತು. ಓಡಬಾರದಾಗಿತ್ತು. ಫೋಲಿಕ್ ಆಸಿಡ್ ಎಂಬ ಸಣ್ಣ ಹಳದಿ ಮಾತ್ರೆ ಹೊಸದಾಗಿ ಬಂದಿತ್ತು. ಬಾಣಂತಿಯರಿಗೆ ಕೊಟ್ಟರೆ ರಕ್ತ ಚೆನ್ನಾಗಿ ಏರುತ್ತಿತ್ತು. ಅದರಲ್ಲಿ ಮಾಂಸದ ಸೋಂಕಿಲ್ಲ. ಡಾಕ್ಟರ ಹತ್ತಿರ ಅದನ್ನೇ ಹೇಳಿದೆ. ಅವರು ಹಣೆ ತಿಕ್ಕಿಕೊಂಡು, “ನರಕ್ಕೆ ಇದನ್ನು ನಂಬಬೇಡಿ ಅಂತ ಎಲ್ಲೋ ಓದಿದ ನೆನಪು,” ಎಂದರು. “ಒಂದೇ ತಿಂಗಳು ನೋಡೋಣ ಸಾರ್. ಅವರ ಜಾತಿ ನಿಮಗೆ ಗೊತ್ತಿಲ್ಲ,” ಎಂದು ಗೋಗರೆದೆ. ಊರಿಗೆ ಹೊಸಬರು, ನನ್ನ ಮಾತಿಗೆ ಬೆಲೆ ಕೊಟ್ಟರು.

ಮೂರು ವಾರಕ್ಕೆ ಅಜ್ಜಿಯ ಮುಖಕ್ಕೆ ಕಳೆ ಬಂತು. ಒತ್ತುಕಾಗದದ ಮೇಲೆ ರಕ್ತ ಎರಡು ಪಟ್ಟಿ ಮೇಲಕ್ಕೇರಿತು. ಮಗ ಒಂದು ಗೊನೆ ಬಾಳೆಹಣ್ಣು ತಂದು ಡಿಸ್ಪೆನ್ಸರಿಯ ಜಗಲಿಗೆ ಇಟ್ಟು, “ಗೆದ್ಬುಟ್ರಿ ಕಾಂಪೌಂಡ್ರೇ,” ಎಂದ. ನಾನು ಹಿಗ್ಗಿ ಹೀರೇಕಾಯಿಯಾದೆ. ರಿಜಿಸ್ಟರಿನಲ್ಲಿ ‘ಗುಣಮುಖ’ ಅಂತ ಬರೆಯಲೂ ಹೊರಟಿದ್ದೆ.

ಐದನೆಯ ವಾರ ಸೊಸೆ ಒಬ್ಬಳೇ ಬಂದಳು. ಕಣ್ಣು ಊದಿಕೊಂಡಿತ್ತು. “ರಗುತ ಏರದೆ ಅಂತ ನೀವಂತೀರಿ. ನಮ್ಮತ್ತೆ ಈಗ ಎದ್ದು ನಿಲ್ಲಕೇ ಆಗಕಿಲ್ಲ. ಕೈಲಿ ತುತ್ತಿಡಿದ್ರೆ ಬಿದ್ದೋಯ್ತದೆ. ನನ್ನ ನೋಡಿ ನೀನ್ಯಾರಮ್ಮಿ ಅಂದ್ರು. ಇಪ್ಪತ್ತು ವರ್ಸ ಅವ್ರ ಕೈ ಕೆಳ್ಗೆ ಬಾಳಿವ್ನಿ.”

ಡಾಕ್ಟರು ಉಕ್ಕಿನ ಚಿಮಟ ತೆಗೆದುಕೊಂಡು ಆಕೆಯ ಜೊತೆಗೇ ಹೊರಟರು. ನಾನೂ ಹೋದೆ. ಈ ಸಲ ಅಜ್ಜಿಗೆ ಮೊಣಕಾಲಿನಲ್ಲೂ ನಡುಕ ತಿಳಿಯಲಿಲ್ಲ, ಸೊಂಟದ ಮೂಳೆಯಲ್ಲೂ ತಿಳಿಯಲಿಲ್ಲ. ವಾಪಸು ಬರುವಾಗ ಡಾಕ್ಟರು, “ಮಾತ್ರೆ ರಕ್ತವನ್ನು ಏರಿಸಿತು, ನರವನ್ನು ತಿಂದಿತು. ನನಗೆ ಅನುಮಾನ ಇತ್ತು, ಆದರೂ ಒಪ್ಪಿದೆ. ತಪ್ಪು ನನ್ನದೇ,” ಎಂದರು. ಬೈದಿದ್ದರೆ ವಾಸಿಯಾಗಿತ್ತು. ತಪ್ಪು ಯಾರದು ಅಂತ ನನಗೆ ಗೊತ್ತಿತ್ತಲ್ಲ. ಮಡಿ ಉಳಿಸಲು ಹೋಗಿ ಮನುಷ್ಯರನ್ನೇ ಕಳೆಯುವ ಕೆಲಸ ಮಾಡಿದ್ದೆ.

ಇನ್ನು ಲಿವರ್ ಸೂಜಿ ಬಿಟ್ಟರೆ ದಾರಿಯಿಲ್ಲ ಎಂದಾಯಿತು. ಬೆಳಿಗ್ಗೆ ಅಜ್ಜಿಯ ಬುದ್ಧಿ ತಕ್ಕಮಟ್ಟಿಗೆ ತಿಳಿಯಾಗಿರುತ್ತದೆ, ಹೊತ್ತೇರಿದಂತೆ ಕದಡುತ್ತದೆ ಎಂದು ಸೊಸೆ ಹೇಳಿದ್ದಳು. ಅದಕ್ಕೇ ಬೆಳಿಗ್ಗೆಯೇ ಸೈಕಲ್ಲಿನಲ್ಲಿ ಹೋದೆ. ಮಗ ಹೊಲದ ಅಂಚಿನಲ್ಲೇ ಅಡ್ಡ ಬಂದ. ಅವನಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಕೊಟ್ಬುಡಿ. ಅವ್ವನ್ಗೆ ಯೋಳ್ಬ್ಯಾಡಿ. ಸತ್ವದ ಸೂಜಿ ಅನ್ನಿ, ಬೇರಿನ ರಸ ಅನ್ನಿ. ಪಾಪ ಬಂದ್ರೆ ನಂಗಿರ್ಲಿ.”

ಅವನು ಕೆಟ್ಟವನಲ್ಲ. ತಾಯಿಗಾಗಿ ನರಕಕ್ಕೆ ಹೋಗಲೂ ತಯಾರಿದ್ದ ಮಗ. ಹೂಂ ಅಂದೆ. ಸಿರಿಂಜು ಕುದಿಸಿ, ಗಾಜಿನ ಕೊಳವೆಯ ಕುತ್ತಿಗೆ ಮುರಿದು, ಔಷಧ ಎಳೆದುಕೊಂಡು ಅಜ್ಜಿಯ ಹತ್ತಿರ ಕೂತೆ. ಆಗತಾನೆ ಪೂಜೆ ಮುಗಿದಿತ್ತು. ಹಣೆಯ ಮೇಲೆ ಹಸಿ ವಿಭೂತಿ. ತೋಳಿಗೆ ಸ್ಪಿರಿಟ್ಟು ಹಚ್ಚುವಾಗ ಸಿರಿಂಜಿನ ಕಡೆ ನೋಡಿ, “ಕಾಸಾಯದಂಗದೆ. ಇದೇನಪ್ಪ, ಯಾವ ಮರದ್ದು?” ಎಂದು ಕೇಳಿದರು.

ಬೇರಿನ ರಸ ಅನ್ನುವ ಮಾತು ಬಾಯಿಗೆ ಬಂದಿತ್ತು. ಆದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ತಿಂಗಳುಗಳಿಂದ ಆ ಮನೆಯಲ್ಲಿ ಅವರ ವಿಷಯವನ್ನು ಅವರ ತಲೆಯ ಮೇಲಿಂದಲೇ ಎಲ್ಲರೂ ಮಾತಾಡುತ್ತಿದ್ದೆವು. ಮಾತ್ರೆ ಕೊಡುವಾಗ ನಾನೂ ಕೇಳಿರಲಿಲ್ಲ. ಸಿರಿಂಜು ಕೆಳಗಿಟ್ಟೆ.

“ಮರದ್ದಲ್ಲ ಕಣವ್ವ. ಈಲಿಯ ಸಾರ. ಇದನ್ನ ತಗೊಂಡ್ರೆ ಕಾಲು ಬರುತ್ತೆ, ಮರೆವು ಹೋಗುತ್ತೆ. ತಗೊಳ್ಳದಿದ್ರೆ ಎರಡೂ ಹೋಗುತ್ತೆ. ಏನು ಮಾಡ್ಲಿ, ನೀವೇ ಹೇಳಿ.”

ಅಜ್ಜಿಯ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಚ್ಚಿತು. “ಬ್ಯಾಡ ಕಣಪ್ಪ. ಕೇಳ್ದಲ್ಲ, ಅಷ್ಟೇ ಸಾಕು,” ಎಂದರು.

ಮಗ ಕೆಂಡವಾದ. “ಅರಳುಮರಳಾದವ್ರನ್ನ ಯಾರಾದ್ರೂ ಕೇಳ್ತಾರೇನ್ರಿ? ನಿಮ್ಗೂ ಬುದ್ದಿ ಇಲ್ವಾ?” ಎಂದ. ನಾನು ಸಾಮಾನು ಕಟ್ಟಿಕೊಂಡು ಬಂದುಬಿಟ್ಟೆ. ಎರಡನೆಯ ಸಲ ಅಜ್ಜಿಯನ್ನು ಕೊಂದೆನೇನೋ ಎಂದು ದಾರಿಯುದ್ದಕ್ಕೂ ಹೆದರಿಕೆ. ಡಾಕ್ಟರಿಗೆ ನಡೆದದ್ದನ್ನು ಒಪ್ಪಿಸಿದೆ.

“ಅವರಾಗಿ ಬೇಡ ಅಂದರಾ? ಅರ್ಥವಾಗಿ ಅಂದರಾ?”

“ಅರ್ಥವಾಗಿಯೇ ಸಾರ್.”

“ಹಾಗಾದರೆ ಬೇಡ. ಬೇರೆ ಹುಡುಕಬೇಕು.” ಅಷ್ಟು ಹೇಳಿ ಕಾಗದ ತೆಗೆದು ಚಾಮರಾಜನಗರದ ಹಿರಿಯ ಡಾಕ್ಟರಿಗೆ ಬರೆದರು. ಆ ಕಾಗದ ಹಿಡಿದು ನಾನು ಅದೇ ಮಧ್ಯಾಹ್ನ ಬಸ್ಸು ಹತ್ತಿದೆ.

ಹಿರಿಯರು ಓದಿ ತಲೆ ಆಡಿಸಿದರು. ಬಿ ಹನ್ನೆರಡು ಎಂಬ ಹೊಸ ಔಷಧ ಬಂದಿದೆ, ಲಿವರಿನಲ್ಲಿ ಕೆಲಸ ಮಾಡುತ್ತಿದ್ದ ಸತ್ವ ಅದೇ, ಈಗ ಅದನ್ನು ಪ್ರಾಣಿಯಿಂದ ತೆಗೆಯಬೇಕಾಗಿಲ್ಲ, ತೊಟ್ಟಿಗಳಲ್ಲಿ ಬೂಷ್ಟಿನಂಥದ್ದನ್ನು ಬೆಳೆಸಿ ತೆಗೆಯುತ್ತಾರೆ ಎಂದರು. ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಔಷಧದಂಗಡಿಯವನು ಮೈಸೂರಿಗೆ ಬರೆದು ರೈಲಿನಲ್ಲಿ ತರಿಸುತ್ತೇನೆ ಎಂದ. ಊರು ಹತ್ತಿರವೇ ಇದ್ದರೂ ಉಡಿಗಾಲಕ್ಕೆ ಹೋಗಲು ಮನಸ್ಸಾಗಲಿಲ್ಲ. ಮೂರು ದಿನ ರೈಲು ಬಂದಾಗಲೆಲ್ಲ ಸ್ಟೇಷನ್ನಿಗೆ ಹೋಗಿ ನಿಂತೆ. ಮೂರನೆಯ ದಿನ ಹತ್ತಿ ಸುತ್ತಿದ ಪೊಟ್ಟಣ ಬಂತು. ಬಿಚ್ಚಿ ನೋಡಿದರೆ ದಾಳಿಂಬೆ ರಸದ ಕೆಂಪು. ಆ ಕೆಂಪು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಮತ್ತೆ ಅಜ್ಜಿಯ ಮುಂದೆ ಕೂತೆ. ಮಗ ಕಂಬಕ್ಕೊರಗಿ ಬೇರೆ ಕಡೆ ನೋಡುತ್ತಿದ್ದ. ಇದು ಎಲ್ಲಿಂದ ಬಂತು, ಹೇಗೆ ಮಾಡುತ್ತಾರೆ, ನನಗೆ ತಿಳಿದಷ್ಟು ಹೇಳಿದೆ.

“ಬೂಷ್ಟಾ? ಉಪ್ಪಿನಕಾಯಿ ಮ್ಯಾಲೆ ಬತ್ತದಲ್ಲ, ಅದಾ?”

“ಹೆಚ್ಚುಕಮ್ಮಿ ಅದರ ಜಾತಿಯದೇ ಅವ್ವ.”

“ಉಪ್ಪಿನಕಾಯಿ ಬೂಷ್ಟು ಎಷ್ಟು ತಿಂದಿಲ್ಲ ನಾವು,” ಎಂದು ಅಜ್ಜಿ ತೋಳು ಚಾಚಿದರು. “ಆಕು.”

ಮೊದಲು ದಿನಾ, ಆಮೇಲೆ ದಿನ ಬಿಟ್ಟು ದಿನ, ಕೊನೆಗೆ ವಾರಕ್ಕೊಂದು. ಸೈಕಲ್ಲಿನ ಟೈರು ಎರಡು ಸಲ ಸವೆಯಿತು. ನಾಲ್ಕನೆಯ ದಿನ ನಾಲಿಗೆಯ ಉರಿ ಇಳಿಯಿತು. ಎರಡನೆಯ ವಾರ ಅಜ್ಜಿ ಇನ್ನೊಂದು ತುತ್ತು ಬಡಿಸು ಎಂದು ಕೇಳಿದರು. ಮೂರನೆಯ ವಾರ ಸೊಸೆಯನ್ನು ಹೆಸರು ಹಿಡಿದು ಕರೆದು, “ಇದ್ಯಾಕಮ್ಮಿ ಇಷ್ಟು ಸೊರಗೋಗಿದ್ದೀಯೆ?” ಎಂದರಂತೆ. ಸೊಸೆ ಅದನ್ನು ನನಗೆ ಹೇಳುವಾಗ ಅತ್ತುಬಿಟ್ಟಳು. ನಾನೂ ಸೈಕಲ್ಲಿನ ಚೈನು ನೋಡುವ ನೆಪ ಮಾಡಿ ಬಗ್ಗಿದೆ. ಕಾಲು ಪೂರ್ತಿ ಬರಲಿಲ್ಲ. ಮಾತ್ರೆ ತಿಂದ ಆ ಐದು ವಾರದ ನಷ್ಟ ಕೊನೆಯವರೆಗೂ ಉಳಿಯಿತು. ಕೋಲು ಹಿಡಿದೇ ನಡೆದರು. ಆ ಸತ್ವ ಮುದ್ದೆ ಸೊಪ್ಪಿನಲ್ಲಿಲ್ಲ, ಹಾಲು ಮಜ್ಜಿಗೆಯಲ್ಲಿದೆ, ಮತ್ತೆ ಶುರು ಮಾಡಿ ಎಂದು ಡಾಕ್ಟರೇ ಬಂದು ಕೂತು ಹೇಳಿದರು. ಎರಡು ದಿನ ಯೋಚನೆ ಮಾಡಿ ಅಜ್ಜಿ ಒಪ್ಪಿದರು. ಮನೆಯ ಪದ್ಧತಿ ಮುರಿಯಿತು ಎಂದು ಊರಿನಲ್ಲಿ ನಾಲ್ಕು ಜನ ಆಡಿಕೊಂಡರು. ಮಗ ಅವರ ಬಾಯಿ ಮುಚ್ಚಿಸಿದ.

ಅವರೆಕಾಯಿಯ ಕಾಲ ಬಂದಿತ್ತು. ಒಂದು ಬೆಳಿಗ್ಗೆ ಸೂಜಿ ಹಾಕಿ ಮುಗಿಸಿದಾಗ ಅಜ್ಜಿ ಮೊರ ಮುಂದಿಟ್ಟುಕೊಂಡು ಕಾಯಿ ಬಿಡಿಸುತ್ತಾ ಕೂತಿದ್ದರು. ಬೆರಳುಗಳು ಸೊಗಸಾಗಿ ಓಡುತ್ತಿದ್ದವು. ನಾನು ಅದನ್ನು ನೋಡುತ್ತಾ ಖುಷಿಪಡುತ್ತಿದ್ದೆ.

“ನಮ್ಮತ್ತೆಗೂ ಇಂಗೇ ಆಗಿತ್ತು ಕಣಪ್ಪ,” ಎಂದರು, ತಲೆಯೆತ್ತದೆ. “ಈಗೀಗ ಎಲ್ಲ ಗ್ಯಾನಕ್ಕೆ ಬತ್ತಾ ಅದೆ. ಅವ್ರೂ ಆಲು ಬುಟ್ಟಿದ್ರು. ನಾಲ್ಗೆ ಉರಿ ಅನ್ನೋರು. ನೆಲ ಮೆತ್ಗದೆ ಅನ್ನೋರು. ಎದ್ದು ಎಲ್ಲೆಲ್ಲೋ ಓಗೋರು. ಆಗ ಅಟ್ಟಿ ಯಜಮಾನ್ತಿ ನಾನು. ಕೈ ತುಂಬ ಕೆಲ್ಸ. ಕೊಟ್ಗೆ ಪಕ್ಕದ ಕೋಣೇಲಿ ಕೂರ್ಸಿ ಚಿಲ್ಕ ಆಕ್ಬುಡ್ತಿದ್ದೆ. ಒಳ್ಗಿಂದ ಬಡಿಯೋರು. ಬಡ್ದು ಬಡ್ದು ಸುಮ್ಕಾಗೋರು. ಎರ್ಡು ವರ್ಸ ಅಂಗೇ ಇದ್ರು. ವಯಸ್ಸಾಯ್ತು, ವಯಸ್ಸಾದ್ರೆ ಇಂಗೇಯ ಅನ್ಕಂಡಿದ್ದೆ.”

ನಾನು ಸಿರಿಂಜನ್ನು ಪೆಟ್ಟಿಗೆಗೆ ಹಾಕಿಕೊಂಡೆ.

“ಆವಾಗ ಈ ಕೆಂಪು ಸೂಜಿ ಇತ್ತಾ?”

ಮನಸ್ಸಿನಲ್ಲೇ ವರ್ಷ ಎಣಿಸಿದೆ. ಮೂವತ್ತೈದು ವರ್ಷದ ಹಿಂದಿನ ಮಾತು. “ಇರಲಿಲ್ಲ ಅವ್ವ. ಇದಿರಲಿ, ಈಲಿಯ ಸೂಜಿಯೂ ಇರಲಿಲ್ಲ. ಪ್ರಪಂಚದಲ್ಲೇ ಎಲ್ಲೂ ಇರಲಿಲ್ಲ. ನೀವು ಏನು ಮಾಡೋಕೂ ಆಗ್ತಿರಲಿಲ್ಲ,” ಎಂದೆ. ಅದು ನಿಜವೇ ಆಗಿತ್ತು. ಸಮಾಧಾನಕ್ಕೆ ಒಂದು ನಿಜ ಸಿಕ್ಕಿತಲ್ಲ ಎಂದು ನನಗೆ ನಿರಾಳವಾಯಿತು.

ಅಜ್ಜಿ ಎರಡು ಕಾಯಿ ಬಿಡಿಸಿದರು.

“ಸೂಜಿ ಇರ್ನಿಲ್ಲ, ಸರಿ. ಚಿಲ್ಕ ತೆಗ್ಯಕೆ ಸೂಜಿ ಯಾಕಪ್ಪ ಬೇಕಿತ್ತು? ನನ್ನ ಸೊಸೆ ನನ್ಗೆ ಒಂದಿನಾನೂ ಚಿಲ್ಕ ಆಕ್ನಿಲ್ಲ.”

ಹಾಗೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದರು. ಅರಳುಮರಳಾಗಿದ್ದ ಅಷ್ಟೂ ತಿಂಗಳಲ್ಲಿ ಅವರು ಹಾಗೆ ಅತ್ತದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.